ಆ ನೀಲಿಯನ್ನು ಹತ್ತು ವರ್ಷ ಮುಟ್ಟಬೇಡಿ

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಅಧ್ಯಕ್ಷರಿಗೆ ಮತ್ತು ಕಾರ್ಯಕಾರಿ ಸಮಿತಿಯ ಸದಸ್ಯರಿಗೆ,

ಕೊಡಗಿನ ಸುಂಟಿಕೊಪ್ಪದಿಂದ ನಮಸ್ಕಾರಗಳು.

ನಾನು ಆಟದ ಸಾಮಾನಿನ ಸಣ್ಣ ಅಂಗಡಿಯವ. ಬ್ಯಾಟು, ಶಟಲ್, ಹಾಕಿ ಸ್ಟಿಕ್ಕು ಎಲ್ಲ ಇಟ್ಟಿದ್ದರೂ ಅಂಗಡಿಯ ಬಾಡಿಗೆ ಹುಟ್ಟುವುದು ಜೆರ್ಸಿಯಿಂದ. ಊರಿನ ತಂಡಗಳಿಗೆ ಜೆರ್ಸಿ ಮಾಡಿಸಿಕೊಡುತ್ತೇನೆ, ಬೆನ್ನಿಗೆ ಹೆಸರು, ನಂಬರ್ ಒತ್ತಿಕೊಡುತ್ತೇನೆ. ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ: ಭಾರತ ಫುಟ್‌ಬಾಲ್ ತಂಡದ ಅಂಗಿಗೆ ಒಂದು ರೂಪ ಗೊತ್ತುಮಾಡಿ. ಗೊತ್ತುಮಾಡಿದ ಮೇಲೆ ಹತ್ತು ವರ್ಷ ಅದರ ತಂಟೆಗೆ ಹೋಗಬೇಡಿ.

ಮೈದಾನ, ಕೋಚು, ರ‍್ಯಾಂಕಿಂಗು ಎಂದು ನೂರೆಂಟು ತಲೆನೋವು ಇರುವಾಗ ಇವನಿಗೆ ಅಂಗಿಯ ಚಿಂತೆಯೇ ಎಂದು ನಿಮಗೆ ಅನ್ನಿಸಬಹುದು. ಆ ದೊಡ್ಡ ವಿಷಯಗಳ ಬಗ್ಗೆ ನಿಮಗೆ ಪತ್ರ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ತಿಳಿದಿರುವುದು ಬಟ್ಟೆ, ಬಣ್ಣ, ಹೊಲಿಗೆ, ಮತ್ತೆ ಕೌಂಟರ್‌ನ ಆಚೆ ನಿಂತ ಹುಡುಗ ಯಾವ ಅಂಗಿಗೆ ಕೈ ಚಾಚುತ್ತಾನೆ ಎಂಬುದು.

ಅಂಗಡಿಗೆ ಬಂದು "ಅಣ್ಣಾ, ಇಂಡಿಯಾ ಜೆರ್ಸಿ ಕೊಡಿ" ಎಂದವನಿಗೆ ನಾನು ಮರುಮಾತಿಲ್ಲದೆ ಕ್ರಿಕೆಟ್‌ನದು ತೆಗೆದುಕೊಡುತ್ತೇನೆ. "ಇದಲ್ಲ, ಫುಟ್‌ಬಾಲ್‌ನದು" ಎಂದು ವಾಪಸ್ ಕೊಡುವವರು ಅಪರೂಪ. ಫುಟ್‌ಬಾಲ್ ಜೆರ್ಸಿ ಎಂದರೆ ಇಲ್ಲಿ ಅರ್ಜೆಂಟೀನಾ, ಬ್ರೆಜಿಲ್, ಪೋರ್ಚುಗಲ್. ವಿಶ್ವಕಪ್ ಬಂತೆಂದರೆ ಸಿದ್ದಾಪುರ, ನೆಲ್ಯಹುದಿಕೇರಿ ಕಡೆ ಯಾವ ಆಟಗಾರನ ಫ್ಲೆಕ್ಸ್ ಎತ್ತರ ಎಂಬುದರ ಮೇಲೆ ಜಿದ್ದು ಬೀಳುತ್ತದೆ. 2022ರಲ್ಲಿ ಕತಾರ್‌ನ ವಿಶ್ವಕಪ್ ನವೆಂಬರ್–ಡಿಸೆಂಬರ್‌ಗೆ ಬಂದದ್ದರಿಂದ ನಮ್ಮಲ್ಲಿ ಅರೇಬಿಕಾ ಕೊಯ್ಲಿನ ಹೊತ್ತಿಗೇ ಬಿತ್ತು. ಬಟವಾಡೆಯ ಸಂಜೆ ಹುಡುಗರು ತೋಟದಿಂದ ನೇರ ಅಂಗಡಿಗೆ ಬರುತ್ತಿದ್ದರು. ಬೆರಳಿಗೆ ಹತ್ತಿದ ಕಾಫಿ ಹಣ್ಣಿನ ಕರೆ ಹಾಗೇ ಇರುತ್ತಿತ್ತು. ಬಿಳಿ, ತಿಳಿನೀಲಿ ಪಟ್ಟೆಯ ಅಂಗಿಯನ್ನು ಮುಟ್ಟುವ ಮೊದಲು ಕೈಯನ್ನು ಪ್ಯಾಂಟಿಗೆ ಎರಡು ಸಲ ಉಜ್ಜಿಕೊಳ್ಳುತ್ತಿದ್ದರು. ಭಾರತದ ಅಂಗಿಯ ಮುಂದೆ ಹಾಗೆ ಕೈ ಒರೆಸಿಕೊಂಡವರು ನನ್ನ ಅಂಗಡಿಯಲ್ಲಿ ಇನ್ನೂ ಕಂಡಿಲ್ಲ.

ಕೊಡಗಿನವನು ಫುಟ್‌ಬಾಲ್ ಬಗ್ಗೆ ಬರೆಯುವುದೇ ಎಂದು ಹುಬ್ಬೇರಿಸಬೇಡಿ. ಹೌದು, ಇದು ಹಾಕಿಯ ನೆಲ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಅವರ ಊರುಕೇರಿಯವರು ನಾವು. 1997ರಲ್ಲಿ ಕರಡದಲ್ಲಿ ಶುರುವಾದ ಕೌಟುಂಬಿಕ ಹಾಕಿಗೆ ಈಗ ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಮನೆಹೆಸರು ಬರೆದ ಜೆರ್ಸಿ ತೊಟ್ಟು ಇಳಿಯುತ್ತವೆ. ಆದರೆ ನಮ್ಮ ಸುಂಟಿಕೊಪ್ಪದಲ್ಲಿ ಮೊದಲಿಂದಲೂ ಕಾಲ್ಚೆಂಡಿನ ಹುಚ್ಚು. ಗೋಲ್ಡ್ ಕಪ್ ಟೂರ್ನಿ ಬಂದರೆ ಸಂಜೆ ಮೈದಾನದ ಸುತ್ತ ಕಾಲಿಡಲು ಜಾಗ ಸಿಗುವುದಿಲ್ಲ.

ಬ್ರೆಜಿಲ್‌ನ ಹಳದಿ ಅಂಗಿ ಹುಟ್ಟಿದ ಕಥೆ ನಿಮಗೆ ಗೊತ್ತಿರಬಹುದು. ಗೊತ್ತಿದ್ದರೂ ಇನ್ನೊಮ್ಮೆ ಕೇಳಿ, ನನ್ನ ಬೇಡಿಕೆಯ ಬೇರು ಅಲ್ಲಿದೆ. 1950ರಲ್ಲಿ ಅವರು ತೊಡುತ್ತಿದ್ದುದು ನೀಲಿ ಕಾಲರ್‌ನ ಬಿಳಿ ಅಂಗಿ. ಆ ವರ್ಷ ಜುಲೈ 16ರಂದು ಮರಕಾನಾದಲ್ಲಿ, ತಮ್ಮದೇ ಜನರ ಮುಂದೆ, ಉರುಗ್ವೆಗೆ 2–1ರಲ್ಲಿ ಸೋತು ವಿಶ್ವಕಪ್ ಕಳೆದುಕೊಂಡರು. ಸೋಲಿನ ಸಿಟ್ಟು ಅಂಗಿಯ ಮೇಲೂ ತಿರುಗಿತು. ಬಿಳಿ ಬಣ್ಣಕ್ಕೆ ದೇಶದ ಗುರುತೇ ಇಲ್ಲ ಎಂದು ಜನ ಜರೆದರು. 1953ರಲ್ಲಿ ರಿಯೊದ ಕೊರಿಯೊ ದ ಮನ್ಯಾ ಪತ್ರಿಕೆ ಹೊಸ ಅಂಗಿಗಾಗಿ ಸ್ಪರ್ಧೆ ಇಟ್ಟಿತು. ಬಾವುಟದ ನಾಲ್ಕೂ ಬಣ್ಣ, ಅಂದರೆ ಹಳದಿ, ಹಸಿರು, ನೀಲಿ, ಬಿಳಿ, ಬರಲೇಬೇಕು ಎಂಬುದು ಷರತ್ತು. ಗೆದ್ದವನು ಅಲ್ದೀರ್ ಗಾರ್ಸಿಯಾ ಶ್ಲೀ ಎಂಬ ಹದಿಹರೆಯದ ಹುಡುಗ. ಉರುಗ್ವೆಯ ಗಡಿ ಕಡೆಯವನು. ತಮಾಷೆಯೆಂದರೆ ಆಟದಲ್ಲಿ ಅವನ ಒಲವೂ ಉರುಗ್ವೆ ಕಡೆಗೇ.

ನಾಲ್ಕು ಬಣ್ಣವನ್ನು ಒಂದೇ ಅಂಗಿಯ ಮೇಲೆ ತುರುಕಿದರೆ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತು. ನಮ್ಮ ಟೂರ್ನಿಗಳಿಗೆ ಅಂಥ ಜೆರ್ಸಿಗಳನ್ನು ನಾನೇ ಮಾಡಿಸಿಕೊಟ್ಟಿದ್ದೇನೆ. ಆಟಗಾರ ಓಡುವಾಗ ಜಾತ್ರೆಯ ತೇರು ಬಂದಂತಿರುತ್ತದೆ. ಶ್ಲೀ ಮಾಡಿದ್ದೇನು? ಅಂಗಿ ಹಳದಿ, ಕುತ್ತಿಗೆಗೂ ತೋಳಿನ ಅಂಚಿಗೂ ಹಸಿರು, ಚಡ್ಡಿ ನೀಲಿ, ಸಾಕ್ಸ್ ಬಿಳಿ. ಬಣ್ಣಗಳನ್ನು ತಲೆಯಿಂದ ಕಾಲಿನವರೆಗೆ ಹಂಚಿಬಿಟ್ಟ. 1954ರಲ್ಲಿ ತಂಡ ಅದನ್ನು ತೊಟ್ಟಿತು. ಆಮೇಲೆ ಕಾಲರ್ ಬಂದಿದೆ, ಹೋಗಿದೆ, ಹತ್ತಿ ಹೋಗಿ ಪಾಲಿಯೆಸ್ಟರ್ ಬಂದಿದೆ, ತಯಾರಿಸುವ ಕಂಪನಿಗಳು ಬದಲಾಗಿವೆ. ಹಳದಿಯ ಮೇಲಿನ ಹಸಿರು ಅಂಚು ಮಾತ್ರ ಅಲ್ಲೇ ಇದೆ. 1970ರ ಮೆಕ್ಸಿಕೊ ವಿಶ್ವಕಪ್ ಬಣ್ಣದ ಟಿ.ವಿ.ಯಲ್ಲಿ ಪ್ರಸಾರವಾದ ಮೊದಲ ವಿಶ್ವಕಪ್. ಪೆಲೆಯ ತಂಡ ಫೈನಲ್‌ನಲ್ಲಿ ಇಟಲಿಗೆ ನಾಲ್ಕು ಗೋಲು ಹೊಡೆದಾಗ ಆ ಹಳದಿ ಲೋಕದ ಕಣ್ಣಿಗೆ ಬಿದ್ದಿತು.

ಅಂಗಡಿಯಲ್ಲಿ ನಾನೇ ಕಟ್ಟಿಕೊಂಡ ಪರೀಕ್ಷೆಯೊಂದಿದೆ. ಅಂಗನವಾಡಿಯ ಮಗುವಿಗೆ ಎರಡು ಕ್ರೆಯಾನ್ ಕೊಟ್ಟರೆ ಆ ಅಂಗಿಯನ್ನು ಬರೆಯಬಲ್ಲುದೇ? ಬ್ರೆಜಿಲ್ ಬರೆಯುತ್ತದೆ. ಅರ್ಜೆಂಟೀನಾಕ್ಕೆ ಒಂದೇ ಕ್ರೆಯಾನ್ ಸಾಕು, ಉಳಿದದ್ದು ಕಾಗದದ ಬಿಳಿಯೇ. ಕ್ರೊಯೇಷಿಯಾದ ಕೆಂಪು–ಬಿಳಿ ಚೌಕ ಬರೆಯಲು ಸ್ವಲ್ಪ ಹೊತ್ತು ಹಿಡಿದೀತು, ಬರೆದದ್ದು ಕ್ರೊಯೇಷಿಯಾ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಈಗ ಭಾರತದ ಅಂಗಿ ಬರೆಯಲು ಹೇಳಿ. ನೀಲಿ ಕ್ರೆಯಾನ್ ಎತ್ತಿಕೊಂಡ ಮಗು "ಯಾವ ನೀಲಿ?" ಎಂದು ಕೇಳಿದರೆ ನಿಮ್ಮಲ್ಲಿ ಯಾರ ಹತ್ತಿರ ಉತ್ತರ ಇದೆ? ತಯಾರಕರು ಬದಲಾದಾಗೆಲ್ಲ ನೀಲಿಯೂ ಬದಲಾಗಿದೆ. ಒಮ್ಮೆ ಹುಲಿಪಟ್ಟೆ, ಮತ್ತೊಮ್ಮೆ ಇನ್ನೇನೋ. ಒಂದೊಂದನ್ನೂ ಬಿಡಿಯಾಗಿ ನೋಡಿದರೆ ಕೆಟ್ಟದ್ದೇನಲ್ಲ. ಕಣ್ಣಿಗೆ ಒಗ್ಗುವುದರೊಳಗೆ ಹೋಗಿಬಿಡುತ್ತವೆ, ಅಷ್ಟೆ.

ಇದಕ್ಕೆ ನಮ್ಮ ಕಸುಬಿನ ಒಳಗಿನದೂ ಒಂದು ಕಾರಣ ಇದೆ. ಹಿಂದೆ ಅಂಗಿಯ ಮೇಲೆ ಏನು ಬರಬೇಕಿದ್ದರೂ ನೇಯಬೇಕಿತ್ತು, ಇಲ್ಲವೇ ಬಟ್ಟೆ ಕತ್ತರಿಸಿ ಹೊಲಿಯಬೇಕಿತ್ತು. ಪಟ್ಟೆ, ಅಂಚು, ಕಾಲರ್ ಬಿಟ್ಟರೆ ಹೆಚ್ಚಿನ ಆಟ ಸಾಧ್ಯವಿರಲಿಲ್ಲ. ಈಗಿನದು ಸಬ್ಲಿಮೇಷನ್. ಡಿಸೈನನ್ನು ಮೊದಲು ಕಾಗದಕ್ಕೆ ಪ್ರಿಂಟ್ ಹಾಕುತ್ತಾರೆ, ಆ ಕಾಗದವನ್ನು ಬಿಳಿ ಪಾಲಿಯೆಸ್ಟರ್ ಬಟ್ಟೆಯ ಮೇಲಿಟ್ಟು ಕಾದ ಪ್ರೆಸ್ಸಿನಲ್ಲಿ ಒತ್ತುತ್ತಾರೆ. ಶಾಯಿ ಆವಿಯಾಗಿ ನೂಲಿನ ಒಳಗೇ ಇಳಿಯುತ್ತದೆ. ಎಷ್ಟು ಒಗೆದರೂ ಸುಲಿಯುವುದಿಲ್ಲ, ಬಿರುಕು ಬಿಡುವುದಿಲ್ಲ. ಒಂದು ಬಣ್ಣವಾದರೂ ಐವತ್ತು ಬಣ್ಣವಾದರೂ ಖರ್ಚು ಒಂದೇ. ಅಲ್ಲೇ ಎಡವಟ್ಟಾದದ್ದು. ಏನು ಬೇಕಾದರೂ ಒತ್ತಬಹುದು ಎಂದಾದ ಮೇಲೆ ಎಲ್ಲವನ್ನೂ ಒತ್ತತೊಡಗಿದೆವು. ನನ್ನ ಗಿರಾಕಿಗಳು ಮೊಬೈಲಿನಲ್ಲಿ ಹುಲಿ, ಮಿಂಚು, ಬೆಂಕಿ ತೋರಿಸಿ "ಎಲ್ಲ ಹಾಕಿಬಿಡಿ ಅಣ್ಣಾ" ಎನ್ನುತ್ತಾರೆ. ಹಾಕಿಕೊಡುತ್ತೇನೆ, ವ್ಯಾಪಾರ ನೋಡಿ. ಮುಂದಿನ ವರ್ಷ ಅದೇ ತಂಡ ಬೇರೆ ಹುಲಿ ಹಾಕಿಸಲು ಬರುತ್ತದೆ. ದೇಶದ ತಂಡವೂ ಹಾಗೆಯೇ ನಡೆದುಕೊಂಡರೆ ಹೇಗೆ?

ಹೊಸ ತಂತ್ರದಿಂದ ಒಳ್ಳೆಯದು ಬಂದೇ ಇಲ್ಲ ಎಂದೇನೂ ಅಲ್ಲ. ಪಶ್ಚಿಮ ಜರ್ಮನಿಯ 1988–90ರ ಅಂಗಿ ನೋಡಿ. ಅಡಿಡಾಸ್‌ನ ಇನಾ ಫ್ರಾನ್ಸ್‌ಮನ್ ಎಂಬಾಕೆ ಬಿಳಿ ಅಂಗಿಯ ಎದೆಯ ಅಡ್ಡಕ್ಕೆ ಕಪ್ಪು, ಕೆಂಪು, ಚಿನ್ನದ ಬಣ್ಣಗಳನ್ನು ಏರಿಳಿಯುವ ಕೋನಗಳ ಪಟ್ಟಿಯಾಗಿ ಎಳೆದರು. ಎದೆ ಬಿಟ್ಟರೆ ಉಳಿದ ಜಾಗವೆಲ್ಲ ಹೆಚ್ಚುಕಡಿಮೆ ಖಾಲಿ. 1988ರ ಯೂರೊದಲ್ಲಿ ಅದನ್ನೇ ತೊಟ್ಟು, ತಮ್ಮದೇ ನೆಲದಲ್ಲಿ, ಸೆಮಿಫೈನಲ್‌ನಲ್ಲಿ ನೆದರ್‌ಲ್ಯಾಂಡ್ಸ್‌ಗೆ ಸೋತರು. ನಮ್ಮಲ್ಲಾಗಿದ್ದರೆ ಅಂಗಿ ಅಪಶಕುನ ಎಂದು ಮರುದಿನವೇ ಮೂಲೆ ಸೇರುತ್ತಿತ್ತು. ಅವರು ಉಳಿಸಿಕೊಂಡರು. 1990ರ ಜುಲೈ 8ರಂದು ರೋಮ್‌ನಲ್ಲಿ ಬ್ರೆಮೆಯ ಪೆನಾಲ್ಟಿಯಿಂದ ಅರ್ಜೆಂಟೀನಾವನ್ನು ಸೋಲಿಸಿ ಕಪ್ ಎತ್ತಿದಾಗ ನಾಯಕ ಲೋಥಾರ್ ಮಥೇಯಸ್ ಮೈಮೇಲಿದ್ದದ್ದು ಅದೇ ವಿನ್ಯಾಸ. 2018ರಲ್ಲಿ ಅದೇ ಪಟ್ಟಿಯನ್ನು ಕಪ್ಪು–ಬೂದಿಯಲ್ಲಿ ಮತ್ತೆ ತಂದರು. ಆ ಸಲ ದಕ್ಷಿಣ ಕೊರಿಯಾಕ್ಕೆ ಸೋತು ಗುಂಪು ಹಂತದಲ್ಲೇ ಗಂಟುಮೂಟೆ ಕಟ್ಟಿದರು. ಅಂಗಿ ಗೋಲು ಹೊಡೆಯುವುದಿಲ್ಲ ಎಂಬುದು ನನಗೂ ಗೊತ್ತು ಸ್ವಾಮಿ.

ನನ್ನಂಥ ಅಂಗಡಿಯವರು ಎದೆಯುಬ್ಬಿಸಿ ಹೇಳಿಕೊಳ್ಳುವ ಕಥೆಗಳೂ ಎರಡಿವೆ. 1958ರ ಫೈನಲ್‌ನಲ್ಲಿ ಬ್ರೆಜಿಲ್‌ನ ಎದುರಾಳಿ ಸ್ವೀಡನ್. ಅವರದೂ ಹಳದಿ. ಬ್ರೆಜಿಲ್ ಅಂಗಿ ಬದಲಿಸಬೇಕಾಯಿತು. ಸ್ಟಾಕ್‌ಹೋಮ್‌ನ ಅಂಗಡಿಯಿಂದ ನೀಲಿ ಅಂಗಿ ತಂದು, ಹಳದಿಯ ಮೇಲಿದ್ದ ಲಾಂಛನಗಳನ್ನು ಬಿಚ್ಚಿ ಅದಕ್ಕೆ ಹೊಲಿದು, 5–2ರಲ್ಲಿ ಗೆದ್ದು ಮೊದಲ ವಿಶ್ವಕಪ್ ಎತ್ತಿಕೊಂಡರು. 1986ರಲ್ಲಿ ಅರ್ಜೆಂಟೀನಾಕ್ಕೂ ಅದೇ ಗತಿ. ಇಂಗ್ಲೆಂಡ್ ವಿರುದ್ಧದ ಕ್ವಾರ್ಟರ್‌ಫೈನಲ್‌ಗೆ ನೀಲಿ ಅಂಗಿ ತೊಡಬೇಕಿತ್ತು. ಇದ್ದದ್ದು ದಪ್ಪ ಹತ್ತಿಯದು, ಮೆಕ್ಸಿಕೊದ ಮಧ್ಯಾಹ್ನದ ಬಿಸಿಲಿಗೆ ಆಗುವಂಥದ್ದಲ್ಲ. ತಂಡದ ಸಿಬ್ಬಂದಿ ಮೆಕ್ಸಿಕೊ ಸಿಟಿಯ ಅಂಗಡಿಗಳನ್ನು ಸುತ್ತಿ ತೆಳುವಾದ ಎರಡು ಮಾದರಿ ತಂದರು. ಮರಡೋನಾ ಒಂದನ್ನು ಮೆಚ್ಚಿದ. ಪಂದ್ಯಕ್ಕೆ ಮುಂಚೆ ಅವಸರದಲ್ಲಿ ಲಾಂಛನ ಹೊಲಿದು, ಅಮೆರಿಕನ್ ಫುಟ್‌ಬಾಲ್‌ಗೆ ಬಳಸುವ ಬೆಳ್ಳಿ ಬಣ್ಣದ ನಂಬರುಗಳನ್ನು ಇಸ್ತ್ರಿ ಹಾಕಿ ಅಂಟಿಸಿದರು. ಟೂರ್ನಿಯ ಹಿಂದಿನ ರಾತ್ರಿ ನಾನು ಮಾಡುವುದೂ ಇದನ್ನೇ! ಜೂನ್ 22ರಂದು ಆಸ್ಟೆಕಾದಲ್ಲಿ ಕೈಯಿಂದ ಹೊಡೆದ ಗೋಲು, ಅರ್ಧ ತಂಡವನ್ನು ದಾಟಿಕೊಂಡು ಹೋಗಿ ಹೊಡೆದ ಗೋಲು ಎರಡೂ ಬಂದದ್ದು ಆ ಅಂಗಡಿ ಅಂಗಿಯಲ್ಲಿ. 2022ರಲ್ಲಿ ಹರಾಜಿಗೆ ಬಂದ ಮರಡೋನಾನ ಅಂಗಿ 71 ಲಕ್ಷ ಪೌಂಡ್ ದಾಟಿತು.

ಇದು ನನ್ನ ವಾದಕ್ಕೇ ಪೆಟ್ಟು ಕೊಡುವಂತಿದೆ ಎನ್ನುತ್ತೀರಿ. ಯಾವ ಡಿಸೈನೂ ಇಲ್ಲದೆ, ಅಂಗಡಿಯಿಂದ ತಂದ ಅಂಗಿಯೂ ಅಮರವಾಯಿತಲ್ಲ? ಆಯಿತು. ಮೈಮೇಲೆ ಮರಡೋನಾ ಇದ್ದ. ನಮ್ಮಲ್ಲಿ ಸದ್ಯಕ್ಕೆ ಮರಡೋನಾ ಇಲ್ಲವಾದ್ದರಿಂದ ನಾವು ಪೆರುವನ್ನು ನೋಡುವುದು ಒಳ್ಳೆಯದು.

ಪೆರುವಿನದು ಬಿಳಿ ಅಂಗಿ, ಹೆಗಲಿನಿಂದ ಸೊಂಟದವರೆಗೆ ಓರೆಯಾಗಿ ಒಂದು ಅಗಲ ಕೆಂಪು ಪಟ್ಟಿ. 1936ರ ಬರ್ಲಿನ್ ಒಲಿಂಪಿಕ್ಸ್ ಕಾಲದಿಂದ ಬಂದದ್ದು. ಅವರು ವಿಶ್ವಕಪ್ ಗೆದ್ದವರಲ್ಲ. 1982ರ ನಂತರ ಅವರಿಗೆ ಮತ್ತೆ ವಿಶ್ವಕಪ್‌ನ ಬಾಗಿಲು ತೆರೆದದ್ದು 2018ರಲ್ಲಿ; 36 ವರ್ಷ ಹೊರಗೇ ಇದ್ದರು. ಆ 36 ವರ್ಷದಲ್ಲಿ ಯಾರೂ "ಈ ಪಟ್ಟಿ ಹಳೆಯದಾಯಿತು, ತೆಗೆದುಹಾಕಿ" ಎಂದು ಕತ್ತರಿ ಎತ್ತಲಿಲ್ಲ. ಇವತ್ತಿಗೂ ಲೋಕದ ಚೆಂದದ ಅಂಗಿಗಳ ಪಟ್ಟಿ ಮಾಡುವವರು ಪೆರುವನ್ನು ಬಿಡುವುದಿಲ್ಲ. ಗೆಲ್ಲದ ತಂಡದ ಅಂಗಿಗೂ ಮನಸ್ಸಿನಲ್ಲಿ ಜಾಗ ಸಿಗುತ್ತದೆ. ನಮ್ಮ ಕ್ರಿಕೆಟ್ ತಂಡವನ್ನೇ ನೋಡಿ. 1992ರ ವಿಶ್ವಕಪ್‌ನಲ್ಲಿ ಆಡಿದ್ದು ಅಷ್ಟಕ್ಕಷ್ಟೆ, ಗೆದ್ದದ್ದು ಎರಡೇ ಪಂದ್ಯ. ಆದರೂ ಹೆಗಲ ಮೇಲೆ ಬಣ್ಣದ ಪಟ್ಟಿಗಳಿದ್ದ ಆ ಗಾಢ ನೀಲಿ ಅಂಗಿಯನ್ನು ಜನ ಮರೆಯಲಿಲ್ಲ. 2020ರ ಆಸ್ಟ್ರೇಲಿಯಾ ಪ್ರವಾಸಕ್ಕೆ ಅದನ್ನೇ ಹೋಲುವುದನ್ನು ಮತ್ತೆ ತೊಡಿಸಿದರು.

ಕೊಡಗಿನಲ್ಲಿ ಇದನ್ನು ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಇಲ್ಲಿನ ಮದುವೆಗೋ ಪುತ್ತರಿಗೋ ಬನ್ನಿ. ಮೊಣಕಾಲಿನವರೆಗಿನ ಕಪ್ಪು ಕುಪ್ಯ, ಸೊಂಟಕ್ಕೆ ಕೆಂಪು ರೇಷ್ಮೆಯ ಚೇಲೆ, ಅದಕ್ಕೆ ಸಿಕ್ಕಿಸಿದ ಪೀಚೆಕತ್ತಿ. ಮದುಮಗನಾದರೆ ಬಿಳಿ ಕುಪ್ಯ. ಅಮೆರಿಕದಿಂದ ಬಂದಿಳಿದ ಹುಡುಗನೂ ಅದನ್ನೇ ತೊಡುತ್ತಾನೆ, ತೋಟದಲ್ಲೇ ಉಳಿದ ಅವನ ಅಣ್ಣನೂ ಅದನ್ನೇ. "ಈ ವರ್ಷದ ಹೊಸ ಕುಪ್ಯ ಬಿಡುಗಡೆ" ಎಂದು ಯಾರಾದರೂ ಸಮಾರಂಭ ಇಟ್ಟರೆ ಊರೆಲ್ಲ ನಕ್ಕೀತು. ಬಟ್ಟೆ ಬದಲಾಗಿದೆ, ಹೊಲಿಯುವ ಮಿಷನ್ ಬದಲಾಗಿದೆ. ನೂರು ಮಾರು ದೂರದಿಂದ ನೋಡಿದರೂ ತೊಟ್ಟವರು ಯಾರೆಂದು ತಿಳಿಯುತ್ತದೆ.

ನಮ್ಮ ಫುಟ್‌ಬಾಲ್‌ಗೆ ನೆನಪುಗಳೇ ಇಲ್ಲ ಎನ್ನಬೇಡಿ, ಅದು ಸುಳ್ಳು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಹಲವರು ಬರಿಗಾಲಲ್ಲಿ ಆಡಿ, ಎರಡು ಪೆನಾಲ್ಟಿ ಕಳೆದುಕೊಂಡು, ಫ್ರಾನ್ಸ್‌ಗೆ ಸೋತದ್ದು ಬರೀ 2–1ರಲ್ಲಿ. ಆ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮ ಬೆಂಗಳೂರಿನವರು. 1951ರಲ್ಲಿ ದೆಹಲಿಯಲ್ಲಿ ಏಷ್ಯನ್ ಗೇಮ್ಸ್ ಚಿನ್ನ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನೆವಿಲ್ ಡಿಸೋಜಾ ಮೂರು ಗೋಲು ಹೊಡೆದು ಆಸ್ಟ್ರೇಲಿಯಾವನ್ನು 4–2ರಲ್ಲಿ ಮನೆಗೆ ಕಳಿಸಿದರು, ಭಾರತ ನಾಲ್ಕನೇ ಸ್ಥಾನಕ್ಕೆ ಬಂತು. ಆ ತಂಡದಲ್ಲಿ ನಮ್ಮ ಮೈಸೂರು ರಾಜ್ಯದ ಕೆಂಪಯ್ಯ ಇದ್ದರು. 1962ರ ಜಕಾರ್ತಾ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ನಡೆದದ್ದಂತೂ ಕಥೆ ಕಟ್ಟಿ ಹೇಳುವಂಥದ್ದು. ಕ್ರೀಡಾಂಗಣ ತುಂಬ ಭಾರತದ ವಿರುದ್ಧ ಕೂಗುವ ಜನ. ಜರ್ನೈಲ್ ಸಿಂಗ್ ತಲೆಗೆ ಹೊಲಿಗೆ ಬಿದ್ದಿತ್ತು. ಡಿಫೆಂಡರ್ ಆಗಿದ್ದ ಆತನನ್ನು ಕೋಚ್ ಸೈಯದ್ ಅಬ್ದುಲ್ ರಹೀಂ ಮುಂದಿನ ಸಾಲಿಗೆ ತಳ್ಳಿದರು. ಪಿ.ಕೆ. ಬ್ಯಾನರ್ಜಿ ಒಂದು ಗೋಲು, ಜರ್ನೈಲ್ ಒಂದು. ದಕ್ಷಿಣ ಕೊರಿಯಾ ವಿರುದ್ಧ 2–1, ಚಿನ್ನ.

ಇಷ್ಟೆಲ್ಲ ಆದದ್ದು ಬಣ್ಣದ ಟಿ.ವಿ. ನಮ್ಮ ಮನೆಗಳಿಗೆ ಬರುವುದಕ್ಕೆ ಇಪ್ಪತ್ತು ವರ್ಷ ಮೊದಲು. ಉಳಿದಿರುವುದು ಕಪ್ಪು–ಬಿಳುಪು ಫೋಟೊಗಳು. ಬ್ರೆಜಿಲ್‌ನ ಹುಡುಗ ಹಳದಿ ಅಂಗಿ ತೊಟ್ಟರೆ ಅವನ ಬೆನ್ನ ಹಿಂದೆ ಪೆಲೆ ಇದ್ದಾನೆ, ಗರಿಂಚಾ ಇದ್ದಾನೆ. ನಮ್ಮ ಹುಡುಗ ನಿಮ್ಮ ಹೊಸ ಜೆರ್ಸಿ ತೊಟ್ಟರೆ ಅವನಿಗೆ ಜರ್ನೈಲ್ ಸಿಂಗ್‌ನ ನೆನಪಾಗುವ ದಾರಿಯೇ ಇಲ್ಲ, ಯಾಕೆಂದರೆ ಹೋದ ವರ್ಷದ ಜೆರ್ಸಿಗೂ ಇದಕ್ಕೂ ಸಂಬಂಧ ಇಲ್ಲ. ಸುನಿಲ್ ಛೆಟ್ರಿ ಇಪ್ಪತ್ತು ವರ್ಷದ ಹತ್ತಿರ ದೇಶಕ್ಕಾಗಿ ಆಡಿದರು. ಅವರ ಒಂದೊಂದು ಕಾಲದ ಫೋಟೊ ಸಾಲಾಗಿ ಇಟ್ಟು ನೋಡಿ, ಒಂದೇ ದೇಶದವರು ಎಂದು ಹೇಳುವುದು ಕಷ್ಟ. ಇಷ್ಟು ಗೋಲು ಹೊಡೆದವರಿಗೆ ನೆನಪಿನಲ್ಲಿ ಉಳಿಯುವ ಒಂದು ಅಂಗಿಯನ್ನೂ ನಾವು ಕೊಡಲಿಲ್ಲ.

ಆದ್ದರಿಂದ ಒಂದು ನೀಲಿ ಆರಿಸಿ. ಹಳೆಯ ಆಟಗಾರರನ್ನು, ಅವರ ಮನೆಯವರನ್ನು ಕೇಳಿ. ಟ್ರಂಕಿನ ತಳದಲ್ಲಿ ಮಡಿಚಿಟ್ಟ ಅಂಗಿ ಯಾರ ಮನೆಯಲ್ಲಾದರೂ ಇದ್ದೀತು. ಆ ನೀಲಿಯ ಶೇಡ್ ನಂಬರನ್ನು ಬರೆದಿಟ್ಟು, ಯಾವ ಕಂಪನಿ ಬಂದರೂ ಕರಾರಿನಲ್ಲಿ ಸೇರಿಸಿ. ಕ್ರಿಕೆಟ್‌ನ ನೀಲಿಗಿಂತ ಅದು ಬೇರೆಯಾಗಿ ಕಾಣಬೇಕು, ಇಲ್ಲದಿದ್ದರೆ ನನ್ನ ಕೌಂಟರ್‌ನ ಗೊಂದಲ ತೀರುವುದಿಲ್ಲ. ಜೊತೆಗೆ ಒಂದೇ ಒಂದು ಗುರುತು ಸಾಕು: ಓರೆ ಪಟ್ಟಿಯೋ, ಬಿಳಿ ಕಾಲರೋ, ತೋಳಿನ ಅಂಚೋ. ತ್ರಿವರ್ಣವನ್ನು ಕಾಲರ್‌ಗೂ ತೋಳಿಗೂ ಪಕ್ಕೆಗೂ ಬಳಿಯಬೇಡಿ. ಬೇಕಿದ್ದರೆ ಬ್ರೆಜಿಲ್‌ನ ಹಾಗೆ ಸ್ಪರ್ಧೆ ಇಡಿ, ಶಾಲೆ ಮಕ್ಕಳಿಗೂ ಅವಕಾಶ ಕೊಡಿ. ಗೆದ್ದ ಚಿತ್ರವನ್ನು ಮಾತ್ರ ಮೀಟಿಂಗ್‌ನಲ್ಲಿ ಕೂತು "ಇಲ್ಲೊಂದು ಹುಲಿ ಇದ್ದರೆ ಚೆನ್ನ" ಎಂದು ತಿದ್ದಬೇಡಿ.

ಕಂಪನಿಯವರು ಒಪ್ಪುವುದಿಲ್ಲ, ಅವರಿಗೆ ವರ್ಷಕ್ಕೊಂದು ಹೊಸದು ಮಾರಬೇಕು ಎನ್ನುತ್ತೀರಿ. ಕುತ್ತಿಗೆಯ ಕಟ್ ಬದಲಿಸಿಕೊಳ್ಳಲಿ, ಬಟ್ಟೆ ಬದಲಿಸಿಕೊಳ್ಳಲಿ. ಹೊರಗಿನ ಪಂದ್ಯಗಳಿಗೆ ತೊಡುವ ಎರಡನೇ ಜೆರ್ಸಿಯ ಮೇಲೆ ಇಷ್ಟಬಂದ ಆಟ ಆಡಲಿ, ಹುಲಿಯೂ ಅಲ್ಲೇ ಇರಲಿ. ಮೊದಲನೆಯದನ್ನು ಬಿಡಲಿ. ವ್ಯಾಪಾರಿಯಾಗಿ ಹೇಳುತ್ತೇನೆ, ಬದಲಾಗದ ಅಂಗಿಯೇ ಜಾಸ್ತಿ ಹೋಗುತ್ತದೆ. ನಾಲ್ಕು ವರ್ಷದ ಹಿಂದಿನ ಅರ್ಜೆಂಟೀನಾ ಸ್ಟಾಕ್ ಉಳಿದಿದ್ದರೂ ನನಗೆ ಚಿಂತೆ ಇಲ್ಲ, ಪಟ್ಟೆ ಅದೇ ತಾನೇ, ಖಾಲಿಯಾಗುತ್ತದೆ. ಹಳೆಯ ಇಂಡಿಯಾ ಸ್ಟಾಕ್ ಉಳಿದರೆ ಅದು ಅಂಗಡಿ ಒರೆಸಲು ಬರುತ್ತದೆ. ಪಾಲಿಯೆಸ್ಟರ್ ಆದ್ದರಿಂದ ಅದಕ್ಕೂ ಬಾರದು, ನೀರು ಹೀರುವುದಿಲ್ಲ.

ಕೊನೆಯದು ಬೆಲೆಯ ಮಾತು. ಆಟಗಾರರು ತೊಡುವಂಥದ್ದೇ ಬೇಕೆಂದು ಹಳ್ಳಿಯ ಹುಡುಗರು ಹಟ ಹಿಡಿಯುವುದಿಲ್ಲ. ಅದೇ ನೀಲಿ, ಅದೇ ಗುರುತು, ಫೆಡರೇಷನ್‌ನ ಮುದ್ರೆ ಇರುವ ಸಾದಾ ಬಟ್ಟೆಯ ಅಂಗಿ ಐನೂರು ರೂಪಾಯಿಯೊಳಗೆ ಬರುವಂತೆ ಮಾಡಿ. ತಿರುಪ್ಪೂರಿನಲ್ಲಿ ಮಾಡಿಸಿದರೆ ಆ ಬೆಲೆಗೆ ಧಾರಾಳವಾಗಿ ಆಗುತ್ತದೆ, ನಾನು ಅಲ್ಲಿಂದಲೇ ತರಿಸುವವನು. ಮಕ್ಕಳ ಅಳತೆ ಮರೆಯಬೇಡಿ: 22, 24, 26, 28. ದೊಡ್ಡವರಿಗೆ ಎಂ, ಎಲ್ ಮಾತ್ರ ಕಳಿಸಿ ಕೈತೊಳೆದುಕೊಂಡರೆ ಏನೂ ಪ್ರಯೋಜನವಿಲ್ಲ. ಜೆರ್ಸಿಗಾಗಿ ಅಪ್ಪನ ಕೈ ಎಳೆಯುವವರು ಎಂಟು ಹತ್ತು ವರ್ಷದವರು. ಬೆನ್ನಿಗೆ ನಂಬರ್ ಒತ್ತದೆ ಖಾಲಿ ಕಳಿಸಿ, ಅದನ್ನು ನಾವು ಇಲ್ಲೇ ಹಾಕಿಕೊಳ್ಳುತ್ತೇವೆ. ಮೊದಲ ಲಾಟಿನಲ್ಲಿ ಸುಂಟಿಕೊಪ್ಪಕ್ಕೆ ನೂರು ಅಂಗಿ ಬರಲಿ. ದುಡ್ಡು ಮುಂಗಡ ಕಟ್ಟಲು ನಾನು ತಯಾರಿದ್ದೇನೆ.

ಇತಿ,
ಸುಂಟಿಕೊಪ್ಪದ ಒಬ್ಬ ಜೆರ್ಸಿ ಅಂಗಡಿಯವ